ಸರ್ಟಿಫಿಕೇಟ್ ಕೊಟ್ಟವರು ಒಬ್ಬರು, ಪರ್ಮಿಟ್ ಕೊಡೋರು ಇನ್ನೊಬ್ಬರು

ನಮ್ಮ ಎಲೆಕ್ಟ್ರಿಷಿಯನ್ ಹುಡುಗರು ಸಿಂಗಪುರಕ್ಕೆ ಬರುವಾಗ ಐಟಿಐ ಸರ್ಟಿಫಿಕೇಟನ್ನು ಲ್ಯಾಮಿನೇಷನ್ ಮಾಡಿಸಿ, ಬಟ್ಟೆಗಳ ಮಧ್ಯೆ ಜೋಪಾನವಾಗಿಟ್ಟು ತರುತ್ತಾರೆ. ಬಂದ ಮೇಲೆ ಗೊತ್ತಾಗುತ್ತೆ, ಕೆಲಸ ನಮ್ಮ ಕೈಯದ್ದು, ಸಹಿ ಮಾತ್ರ ಲೈಸೆನ್ಸ್ ಇದ್ದವನದ್ದು ಅಂತ. "ಊರಲ್ಲಿ ಹೀಗೆಲ್ಲ ಇಲ್ಲಪ್ಪ" ಅಂತ ಗೊಣಗೋರನ್ನು ಪ್ರತಿ ವರ್ಷ ನೋಡುತ್ತೇನೆ. ಊರಲ್ಲೂ ಹೀಗೇ ಇದೆ. ಅದರ ಕಥೆಯನ್ನೇ ಇಲ್ಲಿ ಬರೆದಿದ್ದೇನೆ.

ಕರೆಂಟಿನ ಕೆಲಸಕ್ಕೆ ಮೊದಲು ನಿಯಮ ಹುಟ್ಟಿದ್ದು ಶಾಕ್ ಹೊಡೆಯುತ್ತೆ ಅನ್ನೋ ಭಯಕ್ಕಲ್ಲ, ಬೆಂಕಿಯ ಭಯಕ್ಕೆ. 1882ರಲ್ಲಿ ಲಂಡನ್ನಿನ ಟೆಲಿಗ್ರಾಫ್ ಎಂಜಿನಿಯರುಗಳ ಸಂಘ ವಿದ್ಯುತ್ ದೀಪದಿಂದಾಗುವ ಬೆಂಕಿ ಅನಾಹುತ ತಡೆಯಲು ನಿಯಮಾವಳಿ ಹೊರಡಿಸಿತು. ಬೆಂಕಿ ವಿಮೆ ಕಂಪನಿಗಳಿಗೂ ಅದೇ ಚಿಂತೆ, ದುಡ್ಡು ಕಟ್ಟಿಕೊಡಬೇಕಾದವರು ಅವರೇ ತಾನೆ! ಆ ನಿಯಮಾವಳಿಯೇ ಬೆಳೆಯುತ್ತಾ ಬಂದು 1992ರಲ್ಲಿ ಬಿಎಸ್ 7671 ಆಯಿತು. ಇಲ್ಲಿ ನಾವು ಸೈಟಿನಲ್ಲಿ ದಿನಾ ಕೇಳುವ ಸಿಪಿ 5, ಈಗಿನ ಎಸ್‌ಎಸ್ 638, ಅದೇ ವಂಶದ್ದು. ಆದರೆ ಆ ನಿಯಮಗಳು ಹೇಳಿದ್ದು ವೈರ್ ಹೇಗೆ ಎಳೆಯಬೇಕು ಅಂತ. ಯಾರು ಎಳೆಯಬೇಕು ಅನ್ನೋ ಪ್ರಶ್ನೆ ಬೇರೆ.

ನಮ್ಮ ಕಡೆ ನೋಡಿ. 1902ರ ಜೂನ್ 30ರಂದು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ಲೈನಿನ ಉದ್ದ ಸುಮಾರು 92 ಮೈಲಿ, ಆ ಕಾಲಕ್ಕೆ ಜಗತ್ತೇ ತಿರುಗಿ ನೋಡುವಂಥದ್ದು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗೆ ದೀಪ ಬಂತು. ಪುಸ್ತಕಗಳಲ್ಲಿ ದಿವಾನ್ ಶೇಷಾದ್ರಿ ಅಯ್ಯರ್, ಎಂಜಿನಿಯರ್ ಡಿ ಲಾಟ್‌ಬಿನಿಯರ್ ಅವರ ಹೆಸರಿದೆ, ಇರಲೇಬೇಕು. ಕಂಬ ಹತ್ತಿ ತಂತಿ ಬಿಗಿದವರ ಬಳಿ ಯಾವ ಸರ್ಟಿಫಿಕೇಟೂ ಇರಲಿಲ್ಲ, ಯಾಕೆಂದರೆ ಐಟಿಐ ಆಗ ಹುಟ್ಟೇ ಇರಲಿಲ್ಲ.

ಬ್ರಿಟಿಷ್ ಇಂಡಿಯಾದಲ್ಲಿ 1903ರಲ್ಲಿ ಒಂದು ವಿದ್ಯುತ್ ಕಾಯ್ದೆ ಬಂತು, ಅದನ್ನು ತೆಗೆದು 1910ರಲ್ಲಿ ಇನ್ನೊಂದು. 1910ರ ಕಾಯ್ದೆ ಓದಿದರೆ 'ಲೈಸೆನ್ಸಿ' ಅನ್ನೋ ಪದ ಪದೇ ಪದೇ ಸಿಗುತ್ತೆ. ಅದು ನಮ್ಮಂಥವನಲ್ಲ, ಕರೆಂಟು ಸರಬರಾಜು ಮಾಡುವ ಕಂಪನಿ! ವೈರ್ ಮುಟ್ಟುವವನ ವಿಚಾರ ಆ ಕಾಯ್ದೆಯ ಕೆಳಗೆ ಮಾಡಿದ ನಿಯಮಗಳಲ್ಲಿತ್ತು.

ಆ ನಿಯಮಗಳಲ್ಲಿ ನಮಗೆ ಮುಖ್ಯವಾದದ್ದು 1956ರ ಭಾರತೀಯ ವಿದ್ಯುತ್ ನಿಯಮಗಳ 45ನೇ ನಿಯಮ. ಗ್ರಾಹಕರ ಜಾಗದಲ್ಲಿ ವೈರಿಂಗ್ ಕೆಲಸ ಆಗಬೇಕಾದರೆ ಮೂರು ಜನ ಬೇಕು ಅಂತ ಅದು ಹೇಳಿತು. ರಾಜ್ಯ ಸರ್ಕಾರದ ಲೈಸೆನ್ಸ್ ಇರುವ ಗುತ್ತಿಗೆದಾರ, ಅರ್ಹತಾ ಪತ್ರ ಇರುವ ಸೂಪರ್‌ವೈಸರ್, ಪರ್ಮಿಟ್ ಇರುವ ಕೆಲಸಗಾರ. ಹೊಸ ವೈರಿಂಗ್ ಮಾತ್ರ ಅಲ್ಲ, ಹಳೇದಕ್ಕೆ ಸೇರಿಸೋದು, ಬದಲಾಯಿಸೋದು, ರಿಪೇರಿ ಎಲ್ಲ ಅದರಲ್ಲಿ ಬಂತು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಇದ್ದದ್ದನ್ನು ಇದ್ದ ಹಾಗೇ ಬದಲಾಯಿಸೋದಕ್ಕೆ ಮಾತ್ರ ವಿನಾಯಿತಿ. ಊರಲ್ಲಿ ಪಕ್ಕದ ಮನೆಯವರು ಕರೆದರು ಅಂತ ಪಂಪ್‌ಸೆಟ್ಟಿಗೆ ಹೊಸ ಲೈನ್ ಎಳೆದುಕೊಟ್ಟವರು ಈ ಸಾಲನ್ನು ಎರಡು ಸಲ ಓದಿಕೊಳ್ಳಿ. ಮುಂದೆ 48ನೇ ನಿಯಮದಲ್ಲಿ ನಮ್ಮ ಮೆಗ್ಗರ್ ಪರೀಕ್ಷೆಯೂ ಇದೆ, 500 ವೋಲ್ಟ್ ಕೊಟ್ಟಾಗ ಇನ್ಸುಲೇಷನ್ 1 ಮೆಗಾ ಓಮ್ ಆದರೂ ಬರಬೇಕು ಅನ್ನೋದು.

ಹಾಗಾದರೆ ನಮ್ಮ ಐಟಿಐ? ಅದರ ತವರು ಬೇರೆ. ಕುಶಲಕರ್ಮಿಗಳ ತರಬೇತಿ ಯೋಜನೆ 1950ರಲ್ಲಿ ಶುರುವಾದದ್ದು ಕೇಂದ್ರದ ಕಾರ್ಮಿಕ ಸಚಿವಾಲಯದಿಂದ. ಸರ್ಟಿಫಿಕೇಟ್ ಕೊಡುತ್ತಿದ್ದ ರಾಷ್ಟ್ರೀಯ ಮಂಡಳಿ, ನಾವು ಎನ್‌ಸಿವಿಟಿ ಅನ್ನೋದು, ಬಂದದ್ದು ಅದೇ 1956ರಲ್ಲಿ! ಒಂದೇ ವರ್ಷ, ಎರಡು ಮನೆ. ಕಾರ್ಮಿಕ ಇಲಾಖೆ ಕಡೆಯವರು 'ಇವನು ಕಲಿತಿದ್ದಾನೆ' ಅಂತ ಬರೆದುಕೊಟ್ಟರು. 'ಇವನು ಮಾಡಬಹುದು' ಅಂತ ಹೇಳೋ ಅಧಿಕಾರ ವಿದ್ಯುತ್ ಇಲಾಖೆ ಕಡೆ ಉಳಿಯಿತು. ನಮ್ಮ ರಾಜ್ಯದಲ್ಲಿ ಅದು ವಿದ್ಯುತ್ ಪರಿವೀಕ್ಷಣಾಲಯ. ಐಟಿಐ ಪಾಸಾದರೆ ಅಲ್ಲಿ ಅರ್ಜಿ ಹಾಕೋಕೆ ದಾರಿಯಾಗುತ್ತೆ, ಪರ್ಮಿಟ್ ತಾನಾಗಿ ಬರಲ್ಲ. ಎರಡು ವರ್ಷದ ಕೋರ್ಸಿನಲ್ಲಿ ಇದನ್ನು ಒಂದು ಪೀರಿಯಡ್ ಕೂತು ಹೇಳಿದ್ದರೆ ಎಷ್ಟೋ ಹುಡುಗರಿಗೆ ಉಪಕಾರವಾಗುತ್ತಿತ್ತು.

2003ರಲ್ಲಿ ಹಳೇ ಕಾಯ್ದೆ ಹೋಗಿ ಹೊಸದು ಬಂತು. 1956ರ ನಿಯಮಗಳ ಜಾಗಕ್ಕೆ ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳು, ಆಮೇಲೆ 2023ರವು ಬಂದವು. ಆ ಮೂರು ಜನ ಮಾತ್ರ ಹಾಗೇ ಇದ್ದಾರೆ.

ಸಿಂಗಪುರದಲ್ಲೂ ಲೆಕ್ಕ ಇದೇ. ನಮ್ಮ ವರ್ಕ್ ಪರ್ಮಿಟ್ ಕೊಡೋದು ಮ್ಯಾನ್‌ಪವರ್ ಸಚಿವಾಲಯ. ಲೈಸೆನ್ಸ್ ಕೊಡೋದು 2001ರಲ್ಲಿ ಶುರುವಾದ ಇಎಂಎ. ಲೈಸೆನ್ಸಿನಲ್ಲಿ ಮೂರು ಮೆಟ್ಟಿಲು: ಎಲೆಕ್ಟ್ರಿಷಿಯನ್, ಟೆಕ್ನಿಷಿಯನ್, ಎಂಜಿನಿಯರ್. ಮೊದಲ ಮೆಟ್ಟಿಲಿನವನಿಗೆ 45 ಕೆವಿಎ ಮಿತಿ. ಏಜೆಂಟ್ "ಎಲೆಕ್ಟ್ರಿಷಿಯನ್ ಪರ್ಮಿಟ್" ಅಂತ ಹೇಳಿ ದುಡ್ಡು ತಗೊಂಡರೆ ಅದು ಕೆಲಸದ ವೀಸಾ ಅಷ್ಟೇ.

ವಾಪಸ್ ಹೋಗಿ ದಾವಣಗೆರೆಯಲ್ಲೋ ಹಾಸನದಲ್ಲೋ ಸ್ವಂತ ಕಾಂಟ್ರಾಕ್ಟ್ ಮಾಡಬೇಕು ಅಂತ ನಮ್ಮಲ್ಲಿ ಅನೇಕರು ದುಡ್ಡು ಕೂಡಿಡುತ್ತಿದ್ದಾರೆ. ಇಲ್ಲಿ ಹತ್ತು ವರ್ಷ ಡಿಬಿ ಕಟ್ಟಿದ್ದು ಅಲ್ಲಿ ಪರ್ಮಿಟ್ ಆಗಲ್ಲ. ಯಾರದೋ ಲೈಸೆನ್ಸ್ ನಂಬರು, ಯಾರದೋ ಸಹಿ ಬಾಡಿಗೆಗೆ ಹಿಡಿದು ಕಂಪ್ಲೀಷನ್ ರಿಪೋರ್ಟ್ ಕೊಡೋ ಪದ್ಧತಿ ಇದೆ ಅನ್ನೋದು ಗೊತ್ತಿರೋ ವಿಷಯವೇ. ನಾಳೆ ಆ ಮನೆಗೆ ಬೆಂಕಿ ಬಿದ್ದರೆ ಸಹಿ ಕೊಟ್ಟವನು "ನಾನು ಸೈಟಿಗೇ ಹೋಗಿಲ್ಲ" ಅಂತಾನೆ, ವೈರ್ ಎಳೆದವನಿಗೆ ತೋರಿಸೋಕೆ ಪರ್ಮಿಟ್ ಇರಲ್ಲ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಒಂದು ದಿನ ಬಿಡುವು ಮಾಡಿಕೊಂಡು, ಸರ್ಟಿಫಿಕೇಟಿನ ಮೂಲ ಪ್ರತಿ ಹಿಡಿದು, ಜಿಲ್ಲೆಯ ಪರಿವೀಕ್ಷಕರ ಕಚೇರಿಗೆ ಹೋಗಿ ಅರ್ಜಿಗೆ ಏನೇನು ಬೇಕು ಅಂತ ಕೇಳಿಕೊಂಡು ಬನ್ನಿ.