ಘಟ್ಟ ಇಳಿದವರ ಹೆಸರು

ಗೋವಾದ ಮಾಪುಸಾದಲ್ಲಿ ಶುಕ್ರವಾರದ ಸಂತೆಯಲ್ಲಿ ಬುಟ್ಟಿ ಮುಂದಿಟ್ಟುಕೊಂಡು ಕೂತ ಹೆಂಗಸು ತನ್ನ ಮೊಟ್ಟೆ ‘ಗಾಂವಟಿ’ ಎಂದರೆ ಸಾಕು, ಗಿರಾಕಿ ನಾಲ್ಕು ಕಾಸು ಹೆಚ್ಚಿಗೆ ಕೊಟ್ಟೇ ಒಯ್ಯುತ್ತಾನೆ. ಗಾಂವಟಿ ಎಂದರೆ ಹಳ್ಳಿಯದು, ಊರಿನದು. ಮೈಸೂರಿನವರ ‘ನಾಟಿ’, ಬಾಗಲಕೋಟೆಯವರ ‘ಜವಾರಿ’ ಇದೇ. ಆದರೆ ಗೋವಾದಲ್ಲಿ ಮೂಟೆ ಹೊರಲು, ಗಾರೆ ಕಲಸಲು ಬಂದ ಬಾಗಲಕೋಟೆಯ ಹಳ್ಳಿಗನಿಗೆ ಸಿಗುವ ಹೆಸರು ‘ಘಾಟಿ’. ಹಲವರ ಬಾಯಲ್ಲಿ ಅದು ‘ಘಾಂಟಿ’.

ಹಳ್ಳಿಯ ಕೋಳಿಗೆ ಇರುವ ಮರ್ಯಾದೆ ಹಳ್ಳಿಯ ಮನುಷ್ಯನಿಗಿಲ್ಲ.

ಮಾತಿನ ಹುಟ್ಟಿನಲ್ಲಿ ಯಾವ ಕೆಡುಕೂ ಇರಲಿಲ್ಲ. ಘಾಟ್ ಎಂದರೆ ನಮ್ಮ ಘಟ್ಟವೇ. ಘಾಟಿ ಎಂದರೆ ಘಟ್ಟದಾಚೆಯವನು. ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ಟಾ 1563ರಲ್ಲಿ ಗೋವಾದಲ್ಲೇ ಅಚ್ಚಾದ ತನ್ನ ಪುಸ್ತಕದಲ್ಲಿ ‘ಬಾಲಾಘಾಟ್’ ಎಂಬ ಹೆಸರನ್ನು ಬಿಡಿಸಿ, ಘಟ್ಟದ ಮೇಲಿನ ಸೀಮೆ ಎಂದು ಅರ್ಥ ಹೇಳಿದ್ದ. ಬರೀ ದಿಕ್ಕು ತೋರಿಸುವ ಮಾತದು. ಹೇರೆತ್ತುಗಳ ಮೇಲೆ ಧಾನ್ಯ ಇಳಿದು, ಉಪ್ಪು ಮೇಲೇರುತ್ತಿದ್ದ ಕಾಲದಲ್ಲಿ ಘಟ್ಟದವನು ವ್ಯಾಪಾರದ ನೆಂಟ. ಅವನು ಕೂಲಿಯಾಗಿ ಇಳಿಯತೊಡಗಿದ ಮೇಲೆ ಮಾತಿನ ಬಣ್ಣ ತಿರುಗಿತು. ಮುಂಬಯಿಯಲ್ಲೂ ಹೀಗೇ ಆಯಿತು: ಸಾತಾರಾ ಕಡೆಯಿಂದ ದುಡಿಯಲು ಹೋದ ಮರಾಠಿಗರು ಅಲ್ಲಿ ಘಾಟಿಗಳಾದರು. ಮಾತು ಅಂಟಿದ್ದು ಭಾಷೆಗಲ್ಲ, ಬಡತನಕ್ಕೆ.

ಕನ್ನಡದಲ್ಲಿ ಇದೇ ಸದ್ದಿಗೆ ಬೇರೆಯೇ ಬಾಳು. ಆಗುಂಬೆ ಘಾಟಿ, ಶಿರಾಡಿ ಘಾಟಿ ಎಂದರೆ ತಿರುವಿನ ದಾರಿ. ‘ಘಾಟಿ ಮುದುಕಿ’ ಎಂದರೆ ಯಾರ ಮೋಸಕ್ಕೂ ಸಿಗದ, ಹತ್ತೂರು ಕಂಡ ಗಟ್ಟಿಗಿತ್ತಿ. ಆ ಬೈಗುಳದಲ್ಲಿ ಅರ್ಧ ಮೆಚ್ಚುಗೆಯೇ. ಹೀಗಾಗಿ ಗೋವಾದ ವಾಸ್ಕೋದಲ್ಲಿ ರೈಲಿಳಿದ ಕನ್ನಡದ ಹುಡುಗನಿಗೆ ತನ್ನನ್ನು ಹಳಿಯುತ್ತಿದ್ದಾರೆಂದು ಮಾತಿನಿಂದ ತಿಳಿಯದಿದ್ದರೂ ದನಿಯಿಂದ ತಿಳಿಯುತ್ತದೆ.

ನಾವೂ ಹಸನಾದವರಲ್ಲ. ಬೆಂಗಳೂರಿನಲ್ಲಿ ಸಲೀಸಾಗಿ ಎಸೆಯುವ ‘ಗಮಾರ’ ಹಿಂದಿಯ ‘ಗವಾರ್’ನಿಂದ ಬಂದದ್ದು, ಅದರ ಬೇರು ‘ಗ್ರಾಮ’. ಗೋವಾದ ‘ಗಾಂವಕಾರ’ನ ಬೇರೂ ಅದೇ. ಊರಿನ ಮೂಲ ಮನೆತನದವನು, ಊರೊಟ್ಟಿನ ಜಮೀನಿನಲ್ಲಿ ಹಕ್ಕುಳ್ಳವನು ಅಲ್ಲಿ ಗಾಂವಕಾರ. ಒಂದೇ ಬೇರಿನಿಂದ ಒಂದು ಬಿರುದು, ಒಂದು ಬೈಗುಳ.

ಗೋವಾದವರ ಅಳಲನ್ನೂ ತಳ್ಳಿಹಾಕುವಂತಿಲ್ಲ. ಪುಟ್ಟ ರಾಜ್ಯ, ಕೈತಪ್ಪುತ್ತಿರುವ ನೆಲ, ಬಹಳ ಹೋರಾಡಿ 1987ರಲ್ಲಿ ಗಳಿಸಿದ ಕೊಂಕಣಿಯ ರಾಜಭಾಷೆಯ ಸ್ಥಾನ. ಹೊರಗಿನವರ ಭಯ ಅಲ್ಲಿ ಸುಳ್ಳಲ್ಲ. ಆದರೆ ಆ ಸಿಟ್ಟು ಬಂಗಲೆ ಕೊಳ್ಳುವವನನ್ನು ಬಿಟ್ಟು ಬಂಗಲೆ ಕಟ್ಟುವವನ ಮೇಲೆ ಬೀಳುತ್ತದೆ. 2004ರಲ್ಲಿ ಬೈನಾ ಕಡಲತೀರದ ಮನೆಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡಿಗರು ಬಹಳ. 2011ರ ಜನಗಣತಿಯ ಪ್ರಕಾರ ಗೋವಾದ 100 ಜನರಲ್ಲಿ ಸುಮಾರು 5 ಜನರ ತಾಯಿನುಡಿ ಕನ್ನಡ. ಅವರ ಮಕ್ಕಳಲ್ಲಿ ಅಲ್ಲೇ ಹುಟ್ಟಿ, ಕೊಂಕಣಿಯಲ್ಲೇ ಜಗಳವಾಡಿ ಬೆಳೆದವರೂ ಇದ್ದಾರೆ. ಅವರು ಯಾವ ಘಟ್ಟವನ್ನೂ ಇಳಿದು ಬಂದವರಲ್ಲ.

ಗಂಡಸನ್ನು ಗೌರವದಿಂದ ಕರೆಯಲು ಕೊಂಕಣಿಯಲ್ಲಿ ‘ಬಾಬ್’ ಎಂಬ ಸೊಗಸಾದ ಮಾತಿದೆ. ಮೂಟೆ ಹೊತ್ತವನಿಗೂ ಅದು ಸಲ್ಲಬೇಕು.