ಪಡೆಯುವ ಮನೆ, ಕಳಿಸಲಾರದ ಮನೆ

ಮನೆಯಲ್ಲೇ ಸ್ವಂತ ಸಂಗೀತ ಸರ್ವರ್ ಇಟ್ಟುಕೊಂಡವರ ದೂರು ಇಪ್ಪತ್ತು ವರ್ಷಗಳಿಂದ ಹೆಚ್ಚೇನೂ ಬದಲಾಗಿಲ್ಲ. ಸೀಡಿಗಳಿಂದ ಇಳಿಸಿಟ್ಟ ಹಾಡುಗಳೆಲ್ಲ ಮೂಲೆಯ ಒಂದು ಕಂಪ್ಯೂಟರಿನಲ್ಲಿರುತ್ತವೆ. ಹಾಲ್‌ನಲ್ಲಿ ಕೂತು ಕೇಳಿದರೆ ತೊಂದರೆಯಿಲ್ಲ. ಅದೇ ಆಲ್ಬಮ್ಮನ್ನು ಪರ ಊರಿನಿಂದ ಫೋನಿಗೆ ಇಳಿಸಿಕೊಳ್ಳಹೊರಟರೆ ಮುಕ್ಕಾಲು ಗಂಟೆ ಕಾಯಬೇಕು. ಅನುಮಾನ ಮೊದಲು ಬೀಳುವುದು ಸಾಫ್ಟ್‌ವೇರಿನ ಮೇಲೆ, ಆಮೇಲೆ ವೈಫೈ ಮೇಲೆ, ಕೊನೆಗೆ ಹಾರ್ಡ್‌ಡಿಸ್ಕಿನ ಮೇಲೆ. ಇವುಗಳಲ್ಲೂ ತಪ್ಪಿರಬಹುದು, ಆ ಮಾತಿಗೆ ಮುಂದೆ ಬರುತ್ತೇನೆ. ಆದರೆ ಈ ನಿಧಾನದ ದೊಡ್ಡ ಪಾಲಿಗೆ ಕಾರಣ ಹುಡುಕಬೇಕಾದ್ದು 1980ರ ದಶಕದ ಕೊನೆಯಲ್ಲಿ, ಟೆಲಿಫೋನ್ ಕಂಪನಿಗಳ ಪ್ರಯೋಗಾಲಯಗಳಲ್ಲಿ. ಮನೆಯೆಂದರೆ ಪಡೆಯುವ ಜಾಗ, ಅಲ್ಲಿಂದ ಕಳಿಸುವಂಥದ್ದು ಹೆಚ್ಚೇನೂ ಇರುವುದಿಲ್ಲ ಎಂದು ಆಗ ತೀರ್ಮಾನವಾಯಿತು. ಹೊರಗಿರುವವರ ಡೌನ್‌ಲೋಡ್ ಎಂದರೆ ಮನೆಯ ಮಟ್ಟಿಗೆ ಅಪ್‌ಲೋಡ್ ತಾನೆ? ಆ ದಾರಿಯನ್ನು ಕಟ್ಟುವಾಗಲೇ ಕಿರಿದಾಗಿ ಕಟ್ಟಿದರು.

ಅಮೆರಿಕದ ಬೆಲ್‌ಕೋರ್ ಸಂಸ್ಥೆಯಲ್ಲಿದ್ದ ಎಂಜಿನಿಯರ್ ಜೋಸೆಫ್ ಲೆಕ್‌ಲೈಡರ್ ಆಗ ಮುಂದಿಟ್ಟ ವಿಚಾರ ಸರಳವಾಗಿತ್ತು. ಮನೆಮನೆಗೆ ಹೋಗಿರುವ ತಾಮ್ರದ ಟೆಲಿಫೋನ್ ತಂತಿಯಲ್ಲಿ ಎರಡೂ ದಿಕ್ಕಿಗೆ ಸಮನಾದ ವೇಗ ಕೊಡುವ ಹಟ ಬಿಟ್ಟು, ಎಕ್ಸ್‌ಚೇಂಜಿನಿಂದ ಮನೆಯತ್ತ ಹೆಚ್ಚು, ಮನೆಯಿಂದ ಹೊರಗೆ ಕಡಿಮೆ ಕೊಟ್ಟರೆ ಒಟ್ಟಾರೆ ಲಾಭ ಬಹಳ. ಎಡಿಎಸ್‌ಎಲ್ ಹುಟ್ಟಿದ್ದು ಹೀಗೆ. ಅದು ಯಾವ ಕೆಲಸಕ್ಕೆ ಎಂಬುದನ್ನೂ ಗಮನಿಸಬೇಕು. ಇಂಟರ್ನೆಟ್ ಆಗಿನ್ನೂ ಜನಸಾಮಾನ್ಯರ ಮನೆ ಮುಟ್ಟಿರಲಿಲ್ಲ. ಟೆಲಿಫೋನ್ ಕಂಪನಿಗಳ ಕಣ್ಣಿದ್ದದ್ದು ಕೇಬಲ್ ಟಿ.ವಿ. ವ್ಯಾಪಾರದ ಮೇಲೆ, ಫೋನ್ ತಂತಿಯಲ್ಲೇ ಸಿನಿಮಾ ಕಳಿಸುವುದರ ಮೇಲೆ. ಬೆಲ್ ಅಟ್ಲಾಂಟಿಕ್ 1993ರಲ್ಲಿ ವರ್ಜೀನಿಯಾದಲ್ಲಿ ಇಂಥದ್ದೇ ಪ್ರಯೋಗ ನಡೆಸಿತು. ಆ ಕಾಲದ ಎಂಪೆಗ್-1 ಚಿತ್ರಕ್ಕೆ ಸೆಕೆಂಡಿಗೆ ಸುಮಾರು 1.5 ಮೆಗಾಬಿಟ್ ಸಾಕಿತ್ತು, ಮೊದಲ ಎಡಿಎಸ್‌ಎಲ್ ಕೂಡ ಒಳಬರುವ ದಿಕ್ಕಿಗೆ ಅಷ್ಟನ್ನೇ ಕೊಟ್ಟಿತು. ಹೊರಹೋಗುವ ದಿಕ್ಕಿಗೆ ಕೆಲವು ಹತ್ತು ಕಿಲೋಬಿಟ್. ‘ನಿಲ್ಲಿಸು’, ‘ಹಿಂದಕ್ಕೆ ಹೋಗು’ ಎಂದು ರಿಮೋಟ್ ಒತ್ತುವ ವೀಕ್ಷಕನಿಗೆ ಅದಕ್ಕಿಂತ ಹೆಚ್ಚು ಯಾಕೆ ಬೇಕು? ಸಿನಿಮಾ ವ್ಯಾಪಾರ ಕೈಗೂಡಲಿಲ್ಲ. ಅದಕ್ಕೆಂದು ಕಟ್ಟಿದ ತಂತ್ರವನ್ನೇ ವೆಬ್ ಬಂದಾಗ ಇಂಟರ್ನೆಟ್ಟಿಗೆ ಹೊಂದಿಸಿದರು. 1999ರ ಅಂತರರಾಷ್ಟ್ರೀಯ ಮಾನದಂಡದಲ್ಲಿ ಒಳದಾರಿಗೆ ಸುಮಾರು 8 ಮೆಗಾಬಿಟ್, ಹೊರದಾರಿಗೆ 1 ಮೆಗಾಬಿಟ್ಟಿನ ಆಸುಪಾಸು. 2003ರ ಎಡಿಎಸ್‌ಎಲ್2+ ಒಳದಾರಿಯನ್ನು 24 ಮೆಗಾಬಿಟ್ಟಿಗೇರಿಸಿತು. ಹೊರದಾರಿ ಹೆಚ್ಚುಕಡಿಮೆ ಇದ್ದಲ್ಲೇ ಉಳಿಯಿತು.

ಅದು ತೀರ್ಮಾನವಲ್ಲ, ಭೌತವಿಜ್ಞಾನದ ಕಟ್ಟಳೆ ಎಂದು ವಾದಿಸುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ನೂರಾರು ಜೋಡಿ ತಂತಿಗಳು ಒಂದೇ ಕಟ್ಟಿನಲ್ಲಿ ಎಕ್ಸ್‌ಚೇಂಜ್ ಸೇರುತ್ತವೆ. ಕಿಲೋಮೀಟರುಗಟ್ಟಲೆ ಸಾಗಿ ಸೊರಗಿದ ಮನೆಯ ಸಂಕೇತವನ್ನು ಪಕ್ಕದ ಜೋಡಿಯಲ್ಲಿ ಆಗಷ್ಟೇ ಹೊರಟ ಬಲವಾದ ಸಂಕೇತ ಮುಳುಗಿಸಿಬಿಡುತ್ತದೆ. ಅದಕ್ಕೇ ಎರಡು ದಿಕ್ಕಿನ ಆವರ್ತನಗಳನ್ನು ಬೇರೆ ಮಾಡಿ ಸುಮಾರು 138 ಕಿಲೋಹರ್ಟ್ಸ್ ಬಳಿ ಗಡಿ ಎಳೆದರು. ಕೆಳಗಿನ ಸಣ್ಣ ತುಂಡು ಹೊರದಾರಿಗೆ, ಮೇಲೆ 1,104 ಕಿಲೋಹರ್ಟ್ಸ್‌ವರೆಗಿನದು ಒಳದಾರಿಗೆ. ಗಡಿ ಬೇಕೇಬೇಕಿತ್ತು ಎನ್ನುವುದನ್ನು ಒಪ್ಪೋಣ, ಅದು ಅಲ್ಲೇ ಇರಬೇಕಿತ್ತೇ ಎಂಬುದು ಬೇರೆ ಪ್ರಶ್ನೆ. ಎಡಿಎಸ್‌ಎಲ್2+ನ ‘ಅನೆಕ್ಸ್ ಎಂ’ ಎಂಬ ಉಪನಿಯಮ ಇದೇ ಗಡಿಯನ್ನು 276 ಕಿಲೋಹರ್ಟ್ಸ್‌ಗೆ ಸರಿಸಿ, ಒಳದಾರಿಯನ್ನು ತುಸು ಕಡಿದು, ಹೊರದಾರಿಯನ್ನು ದುಪ್ಪಟ್ಟಿಗಿಂತ ಹೆಚ್ಚು ಮಾಡಿತು. ಇನ್ನೂ ಬಲವಾದ ಸಾಕ್ಷಿ ಎಸ್‌ಎಚ್‌ಡಿಎಸ್‌ಎಲ್. 2001ರ ಈ ಮಾನದಂಡ ಅದೇ ತಾಮ್ರದ ಒಂದೇ ಜೋಡಿಯಲ್ಲಿ ಎರಡೂ ಕಡೆಗೆ 2.3 ಮೆಗಾಬಿಟ್‌ವರೆಗೆ ಕೊಡುತ್ತಿತ್ತು. ಅದನ್ನು ಮಾರಿದ್ದು ಮುಖ್ಯವಾಗಿ ಕಚೇರಿಗಳಿಗೆ, ಹೆಚ್ಚಿನ ಬೆಲೆಗೆ. ತಾಮ್ರಕ್ಕೆ ಮನೆ ಯಾವುದು, ಕಚೇರಿ ಯಾವುದು ಎಂಬ ಭೇದ ಗೊತ್ತಿಲ್ಲವಲ್ಲ!

ಜನರು ಪಡೆಯುವುದೇ ಹೆಚ್ಚು, ಕಳಿಸುವುದು ಕಡಿಮೆ, ಕಂಪನಿಗಳು ಬೇಡಿಕೆಗೆ ತಕ್ಕಂತೆ ದಾರಿ ಮಾಡಿದವು ಎಂಬುದು ಎರಡನೆಯ ಆಕ್ಷೇಪ. ಇಲ್ಲಿ ಸಂಗೀತವೇ ಎದುರು ಸಾಕ್ಷಿ ನುಡಿಯುತ್ತದೆ. 1999ರ ಜೂನ್‌ನಲ್ಲಿ ನ್ಯಾಪ್‌ಸ್ಟರ್ ಬಂದಾಗ ಅದು ಪ್ರತಿ ಬಳಕೆದಾರನ ಕಂಪ್ಯೂಟರನ್ನೂ ಸರ್ವರ್ ಮಾಡಿತು. ಹಾಡು ಇದ್ದದ್ದು ಯಾರದೋ ಕೋಣೆಯ ಹಾರ್ಡ್‌ಡಿಸ್ಕಿನಲ್ಲಿ, ಹೊರಟಿದ್ದೂ ಅಲ್ಲಿಂದಲೇ. ಅದು ಕಾಳ್ಗಿಚ್ಚಾದದ್ದು ಅಮೆರಿಕದ ವಿಶ್ವವಿದ್ಯಾಲಯಗಳ ಹಾಸ್ಟೆಲುಗಳಲ್ಲಿ. ಅಲ್ಲಿನ ಜಾಲಗಳಲ್ಲಿ ಕಳಿಸುವ ದಾರಿಯೂ ಪಡೆಯುವ ದಾರಿಯಷ್ಟೇ ಅಗಲ. 2000ದ ಆರಂಭದಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯ ತನ್ನ ಜಾಲ ಉಸಿರುಗಟ್ಟಿತೆಂದು ನ್ಯಾಪ್‌ಸ್ಟರನ್ನೇ ತಡೆಯಬೇಕಾಯಿತು. ಇತ್ತ ಮನೆಗಳಿಗೆ ಕೇಬಲ್ ಇಂಟರ್ನೆಟ್ ಕೊಡುತ್ತಿದ್ದ ಎಕ್ಸೈಟ್‌ಅಟ್‌ಹೋಮ್, 1999ರಲ್ಲಿ ಅಪ್‌ಲೋಡಿಗೆ 128 ಕಿಲೋಬಿಟ್ಟಿನ ಮಿತಿ ಹಾಕಿತು. ಕಳಿಸುವ ಆಸೆಯೇ ಜನರಿಗಿಲ್ಲದಿದ್ದರೆ ಮಿತಿ ಹಾಕುವ ಪ್ರಮೇಯ ಎಲ್ಲಿಂದ ಬಂತು? ನ್ಯಾಪ್‌ಸ್ಟರಿನಲ್ಲಿ ಓಡಾಡಿದ್ದು ಬಹುಪಾಲು ಕದ್ದ ಮಾಲು ಎನ್ನಬಹುದು, ಹೌದು. ಆದರೆ ತಾನು ದುಡ್ಡು ಕೊಟ್ಟು ಕೊಂಡ ಸೀಡಿಯನ್ನು ತಾನೇ ಕೇಳಹೊರಟವರಿಗೂ ಸಿಕ್ಕಿದ್ದು ಅದೇ 128 ಕಿಲೋಬಿಟ್ಟಿನ ಕಿಂಡಿ.

2001ರಲ್ಲಿ ಸ್ಲಿಮ್ ಡಿವೈಸಸ್ ಎಂಬ ಪುಟ್ಟ ಕಂಪನಿ ಸ್ಲಿಂಪ್‌3 ಎಂಬ ಪ್ಲೇಯರನ್ನೂ ಅದಕ್ಕೆ ಹಾಡು ಬಡಿಸುವ ಸರ್ವರ್ ತಂತ್ರಾಂಶವನ್ನೂ ತಂದಿತು. ಅದೇ ಆಸುಪಾಸಿನಲ್ಲಿ ಆಂಪಾಷ್, ಕೆಲವು ವರ್ಷಗಳಲ್ಲಿ ಸಬ್‌ಸಾನಿಕ್ ಬಂದವು. ಮನೆಯೊಳಗಿನ 100 ಮೆಗಾಬಿಟ್ಟಿನ ತಂತಿಯ ಮೇಲೆ ಇವು ಸಲೀಸಾಗಿ ನಡೆದವು. ಹೊಸ್ತಿಲು ದಾಟಿದರೆ ಲೆಕ್ಕವೇ ಬೇರೆ. ಗುಣ ಕೆಡದಂತೆ ಅಡಕಗೊಳಿಸಿದ ಆಲ್ಬಮ್ ಒಂದು ಸುಮಾರು 300 ಮೆಗಾಬೈಟ್, ಅಂದರೆ 2,400 ಮೆಗಾಬಿಟ್. ಒಳಗೆ ಅದಕ್ಕೆ ಅರ್ಧ ನಿಮಿಷ ಸಾಕು, 1 ಮೆಗಾಬಿಟ್ಟಿನ ಹೊರದಾರಿಯಲ್ಲಿ 40 ನಿಮಿಷ. 128 ಕಿಲೋಬಿಟ್ಟಿನ ಎಂಪಿ3 ಮಾತ್ರ ಅದೇ ದಾರಿಯಲ್ಲಿ ತಡೆಯಿಲ್ಲದೆ ನುಡಿಯುತ್ತದೆ. ‘ಹಾಡು ಕೇಳುತ್ತೆ, ಡೌನ್‌ಲೋಡ್ ಮಾತ್ರ ಆಗಲ್ಲ’ ಎಂಬ ಒಗಟು ಬಿಡುವುದು ಇಲ್ಲಿ.

ಇನ್ನು ಯಂತ್ರದ ಮೇಲಿನ ಅನುಮಾನ. ಅದೇ ಫೈಲನ್ನು ಮೊದಲು ಮನೆಯೊಳಗೆ ತಂತಿಯಲ್ಲಿ, ಆಮೇಲೆ ವೈಫೈಯಲ್ಲಿ, ಕೊನೆಗೆ ಹೊರಗಿನಿಂದ ಇಳಿಸಿ ನೋಡಿದರೆ ತಪ್ಪು ಯಾವ ಹಂತದ್ದೆಂದು ತಿಳಿದುಬಿಡುತ್ತದೆ. ಒಳಗೇ ನಿಧಾನವಾದರೆ ಚರಿತ್ರೆಯನ್ನು ದೂರಿ ಪ್ರಯೋಜನವಿಲ್ಲ. 2012ರ ಮೊದಲ ರಾಸ್ಪ್‌ಬೆರಿ ಪೈನಲ್ಲಿ ಜಾಲದ ತಂತಿಗೂ ಹಾರ್ಡ್‌ಡಿಸ್ಕಿಗೂ ಇದ್ದದ್ದು ಒಂದೇ ಯುಎಸ್‌ಬಿ ಹಾದಿ. ಎರಡೂ ಒಟ್ಟಿಗೆ ದುಡಿದರೆ ಒಂದನ್ನೊಂದು ತಡೆಯುತ್ತಿದ್ದವು. 2019ರ ಪೈ 4 ಬಂದ ಮೇಲೆಯೇ ಈ ಜಗಳ ಹರಿದದ್ದು. ದೂರವೂ ವೇಗ ತಿನ್ನುತ್ತದೆ. 1981ರ ಟಿಸಿಪಿ ನಿಯಮದ ಪ್ರಕಾರ ಉತ್ತರ ಬರುವ ಮುನ್ನ ಕಳಿಸಬಹುದಾದದ್ದು ಹೆಚ್ಚೆಂದರೆ 64 ಕಿಲೋಬೈಟ್. ಮೈಸೂರಿನ ಮನೆಯ ಹಾಡನ್ನು ಕ್ಯಾಲಿಫೋರ್ನಿಯಾದಲ್ಲಿ ಇಳಿಸಿಕೊಳ್ಳುವವರಿಗೆ ಹೋಗಿಬರುವ ಸಮಯ ಕಾಲು ಸೆಕೆಂಡ್ ಎಂದಿಟ್ಟುಕೊಂಡರೆ, ಫೈಬರ್ ಎಷ್ಟೇ ಅಗಲವಿರಲಿ, ವೇಗ 2 ಮೆಗಾಬಿಟ್ ಚಿಲ್ಲರೆ ದಾಟದು. 1992ರಲ್ಲಿ ಈ ಮಿತಿಯನ್ನು ಸಡಿಲಿಸಿದರು, ಈಗಿನ ಕಂಪ್ಯೂಟರುಗಳಲ್ಲಿ ಅದು ಕಾಡುವುದಿಲ್ಲ. ಹಳೆಯ ಸಾಧನಗಳಲ್ಲಿ ಕಾಡಬಹುದು.

ಆದರೆ ಯಂತ್ರದ್ದೆಂದು ಕಾಣುವ ಎಷ್ಟೋ ತಪ್ಪುಗಳ ಬೇರು ಮತ್ತೆ ಆ ಕಿರುದಾರಿಗೇ ಹೋಗುತ್ತದೆ. ಎಕ್ಸ್ ವಿಂಡೋ ವ್ಯವಸ್ಥೆಯ ಕರ್ತೃಗಳಲ್ಲೊಬ್ಬರಾದ ಜಿಮ್ ಗೆಟ್ಟಿಸ್ 2010ರಲ್ಲಿ ತಮ್ಮ ಮನೆಯಿಂದ ಹಳೆಯ ಕಡತಗಳ ರಾಶಿಯೊಂದನ್ನು ಹೊರಗೆ ಕಳಿಸುತ್ತಿದ್ದಾಗ ಇಡೀ ಮನೆಯ ಇಂಟರ್ನೆಟ್ ಕುಸಿಯಿತು. ಮೋಡೆಮ್ಮಿನಲ್ಲಿದ್ದ ಅತಿ ದೊಡ್ಡ ತಾತ್ಕಾಲಿಕ ಸಂಗ್ರಹ ತುಂಬಿ, ಹಬ್ಬದ ಹಿಂದಿನ ರಾತ್ರಿ ನೆಲಮಂಗಲದ ಟೋಲ್‌ನಲ್ಲಿ ಆಂಬುಲೆನ್ಸೂ ಲಾರಿಗಳ ಹಿಂದೆ ನಿಂತಂತೆ, ಸಣ್ಣ ಸ್ವೀಕೃತಿ ಸಂದೇಶಗಳೂ ಸಾಲಿನಲ್ಲಿ ಸಿಕ್ಕಿಕೊಂಡಿದ್ದವು. ಅವರು ಇದನ್ನು ಬಫರ್‌ಬ್ಲೋಟ್ ಎಂದು ಕರೆದರು. 2012ರಲ್ಲಿ ಕ್ಯಾಥ್ಲೀನ್ ನಿಕಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಇದಕ್ಕೆ ಕೋಡೆಲ್ ಎಂಬ ಮದ್ದು ಕೊಟ್ಟರು. ಮನೆಯಿಂದ ಗಂಟೆಗಟ್ಟಲೆ ಕಳಿಸುವವರು ಇರುತ್ತಾರೆ ಎಂದು ಮೋಡೆಮ್ ಮಾಡಿದವರು ಎಣಿಸಿದ್ದಿದ್ದರೆ ಇದು ಮೊದಲೇ ಬಯಲಾಗುತ್ತಿತ್ತು.

ಭಾರತಕ್ಕೆ ಈ ವ್ಯವಸ್ಥೆ ಸಿದ್ಧರೂಪದಲ್ಲೇ ಬಂತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಶುರುಮಾಡಿದಾಗ ಲ್ಯಾಂಡ್‌ಲೈನಿನ ಮೇಲೆ ಕೂತದ್ದು ಎಡಿಎಸ್‌ಎಲ್ಲೇ. ಇಂದು ಬೆಂಗಳೂರಿನಲ್ಲಿ, ಜಿಲ್ಲಾ ಕೇಂದ್ರಗಳಲ್ಲಿ ಮಾರುವ ಎಷ್ಟೋ ಫೈಬರ್ ಪ್ಲಾನುಗಳಲ್ಲಿ ಎರಡೂ ದಿಕ್ಕಿನ ವೇಗ ಸಮ. ಹಾಗಾದರೆ ನನ್ನ ವಾದಕ್ಕೆ ವಾಯಿದೆ ಮುಗಿಯಿತೇ? ದಾರಿ ಅಗಲವಾಗುವ ಹೊತ್ತಿಗೆ ಮನೆಗಳು ವಿಳಾಸ ಕಳೆದುಕೊಂಡವು. ಏಷ್ಯಾ–ಪೆಸಿಫಿಕ್ ಭಾಗದ ಹಳೆಯ ಐಪಿ ವಿಳಾಸಗಳ ಮುಕ್ತ ದಾಸ್ತಾನು 2011ರ ಏಪ್ರಿಲ್‌ನಲ್ಲಿ ಮುಗಿಯಿತು. ಮರುವರ್ಷವೇ ಅನೇಕ ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸಲೆಂದು 100.64ರಿಂದ ಶುರುವಾಗುವ ಸಂಖ್ಯೆಗಳನ್ನು ಮೀಸಲಿಟ್ಟರು. ಇದರೊಳಗಿನ ಮನೆ ಹೊರಗಿನದನ್ನು ಕರೆಯಬಲ್ಲದು, ಹೊರಗಿನವರು ಅದನ್ನು ನೇರವಾಗಿ ಕರೆಯಲಾರರು. ಆಗ ಹಾಡು ನಡುವಿನ ಯಾವುದೋ ರಿಲೇ ಸರ್ವರ್ ಸುತ್ತಿ ಬರಬೇಕು. ಪ್ಲೆಕ್ಸ್‌ನಂಥ ಜನಪ್ರಿಯ ವ್ಯವಸ್ಥೆಯ ರಿಲೇಗೇ 1–2 ಮೆಗಾಬಿಟ್ಟಿನ ಮಿತಿ. ಎಡಿಎಸ್‌ಎಲ್ ಕಾಲದ ವೇಗ ಫೈಬರಿನ ಮೇಲೆ ಹೀಗೆ ಮರಳಿ ಬಂದಿದೆ. ಹೊಸ ಐಪಿವಿ6 ವಿಳಾಸಗಳು ಭಾರತದಲ್ಲಿ ಧಾರಾಳವಾಗಿವೆ, ಆದರೆ ಒಳಬರುವ ಕರೆಗಳನ್ನು ರೂಟರುಗಳು ತಾವಾಗಿಯೇ ತಡೆಯುವುದು ಸಾಮಾನ್ಯ. ಭದ್ರತೆಗೆ ಅದು ಬೇಕೂ ಹೌದು. ಬೇಕಾದವರು ಬಾಗಿಲು ತೆರೆದುಕೊಳ್ಳಲು ಸುಲಭ ಉಪಾಯ ಇಲ್ಲದಿರುವುದು ಮಾತ್ರ ಭದ್ರತೆಯ ಲೆಕ್ಕಕ್ಕೆ ಬರುವುದಿಲ್ಲ.

ಸರ್ಕಾರಿ ಕಾಗದವೂ ಮನೆಯನ್ನು ಕಂಡದ್ದು ಹೀಗೆಯೇ. 2004ರ ಬ್ರಾಡ್‌ಬ್ಯಾಂಡ್ ನೀತಿ ಕನಿಷ್ಠ 256 ಕಿಲೋಬಿಟ್ ಡೌನ್‌ಲೋಡ್ ವೇಗವಿದ್ದರೆ ಅದು ಬ್ರಾಡ್‌ಬ್ಯಾಂಡ್ ಎಂದಿತು. 2013ರಲ್ಲಿ ಅದು 512 ಕಿಲೋಬಿಟ್ ಆಯಿತು, 2023ರಲ್ಲಿ 2 ಮೆಗಾಬಿಟ್. ಅಮೆರಿಕದ ವ್ಯಾಖ್ಯೆಯಲ್ಲಿ ಅಪ್‌ಲೋಡಿಗೂ ಒಂದು ಅಂಕಿಯಿದೆ, 2015ರಲ್ಲಿ 3 ಮೆಗಾಬಿಟ್ ಇದ್ದದ್ದು 2024ರಲ್ಲಿ 20 ಆಗಿದೆ. ನಮ್ಮ ಮೂರೂ ವ್ಯಾಖ್ಯೆಗಳಲ್ಲಿ ಅಪ್‌ಲೋಡಿಗೆ ಅಂಕಿಯೇ ಇಲ್ಲ.