ದಾನದಿಂದ ಸಾಲಕ್ಕೆ: ಪರನಾಡಿನಲ್ಲಿ ಸ್ವಯಂಸೇವಕರು ಕಲಿತ ಪಾಠ

ದಾನವು ಪುಣ್ಯಕರವೆಂದೂ ಸಾಲವು ಶೂಲವೆಂದೂ ಭಾವಿಸುವುದು ನಮ್ಮ ಜನರ ವಾಡಿಕೆ. ಕೊಟ್ಟು ಮರಳಿ ಕೇಳದವನು ದೊಡ್ಡವನು; ಕೊಟ್ಟು ಲೆಕ್ಕವಿಡುವವನು ಕೇವಲ ವ್ಯವಹಾರಸ್ಥ. ಮೇಲುನೋಟಕ್ಕೆ ಈ ಮಾತು ಸರಿಯೆಂದೇ ತೋರುತ್ತದೆ. ಆದರೆ ಕಳೆದ ಶತಮಾನದ ಉತ್ತರಾರ್ಧದಲ್ಲಿ ಲ್ಯಾಟಿನ್ ಅಮೆರಿಕದ ಬಡವರ ಕೇರಿಗಳಿಗೆ ಸೇವೆಗೆಂದು ಹೋದ ಕೆಲವು ತರುಣರ ಅನುಭವ ಬೇರೆಯಾಯಿತು. ದಾನ ಮಾಡಲು ಹೋದವರು ಸಾಲ ಕೊಡುವುದನ್ನು ಕಲಿತರು. ಆ ಸಾಲವು ಎಷ್ಟೋ ಕಡೆ ಬಡವನ ಮಾನವನ್ನು ದಾನಕ್ಕಿಂತ ಹೆಚ್ಚಾಗಿ ಕಾಪಾಡಿತು. ಮುಂದೊಂದು ದಿನ ಅದೇ ಸಾಲ ಲಾಭದ ಸರಕೂ ಆಯಿತು. ಈ ಇತಿಹಾಸದ ಎರಡು ಮುಖಗಳನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

1950ರ ದಶಕದ ವೆನೆಜುವೇಲಾ ದೇಶವನ್ನು ಮೊದಲು ನೋಡೋಣ. ದಕ್ಷಿಣ ಅಮೆರಿಕದ ಉತ್ತರ ತೀರದಲ್ಲಿರುವ ಆ ದೇಶದ ನೆಲದೊಳಗಿನಿಂದ ಎಣ್ಣೆಯ ಸಂಪತ್ತು ಉಕ್ಕುತ್ತಿತ್ತು. ಆ ಹಣದಿಂದ ರಾಜಧಾನಿ ಕರಾಕಸ್ ನಗರದಲ್ಲಿ ಹೆದ್ದಾರಿಗಳೂ ಎತ್ತರದ ಕಟ್ಟಡಗಳೂ ಎದ್ದವು. ಹಳ್ಳಿಗಳಲ್ಲಿ ಬದುಕು ಸಾಗದ ಜನ ಗುಳೆಯೆದ್ದು ಆ ನಗರಕ್ಕೆ ಬಂದರು. ಸುತ್ತಲಿನ ಬೆಟ್ಟಗಳ ಇಳಿಜಾರಿನಲ್ಲಿ ಹಲಗೆ, ತಗಡು, ರಟ್ಟುಗಳಿಂದ ಗುಡಿಸಲು ಕಟ್ಟಿಕೊಂಡರು. 1958ರ ಜನವರಿಯಲ್ಲಿ ಸರ್ವಾಧಿಕಾರಿ ಪೆರೆಸ್ ಹಿಮೆನೆಸ್ ಪದಚ್ಯುತನಾದನು. ಅದೇ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಉಪಾಧ್ಯಕ್ಷ ರಿಚರ್ಡ್ ನಿಕ್ಸನ್ ಅಲ್ಲಿಗೆ ಬಂದಾಗ ಉದ್ರಿಕ್ತ ಜನರು ಅವರ ಕಾರನ್ನು ಮುತ್ತಿ ಗಾಜುಗಳನ್ನು ಒಡೆದರು. ಉತ್ತರದ ಶ್ರೀಮಂತ ರಾಷ್ಟ್ರದ ವಿಷಯದಲ್ಲಿ ದಕ್ಷಿಣದವರ ಮನಸ್ಸು ಎಷ್ಟು ಕಹಿಯಾಗಿತ್ತೆಂಬುದಕ್ಕೆ ಇದೇ ಸಾಕ್ಷಿ.

ಇಂಥ ಕಾಲದಲ್ಲಿ ಜೋಸೆಫ್ ಬ್ಲಾಚ್‌ಫರ್ಡ್ ಎಂಬ ಅಮೆರಿಕದ ಕಾನೂನು ವಿದ್ಯಾರ್ಥಿ ಟೆನಿಸ್ ಆಟಗಾರನಾಗಿ ಲ್ಯಾಟಿನ್ ಅಮೆರಿಕದ ನಗರಗಳಲ್ಲಿ ಸೌಹಾರ್ದ ಪ್ರವಾಸ ಮಾಡಿದನು. ಆಟದ ಮೈದಾನದ ಆಚೆಗಿದ್ದ ಬಡತನ ಅವನ ಕಣ್ಣಿಗೆ ಬಿತ್ತು. ಊರಿಗೆ ಮರಳಿದ ಮೇಲೆ ಗೆಳೆಯರೊಡನೆ ಸೇರಿ ಖಾಸಗಿ ಸಂಸ್ಥೆಗಳಿಂದ ಸುಮಾರು 90,000 ಡಾಲರುಗಳನ್ನು ಕೂಡಿಸಿ, 1961ರ ಬೇಸಿಗೆಯಲ್ಲಿ 30 ಮಂದಿ ಸ್ವಯಂಸೇವಕರೊಡನೆ ವೆನೆಜುವೇಲಾಕ್ಕೆ ಹೋದನು. ಸಂಸ್ಥೆಗೆ ‘ಆಕ್ಸಿಯೋನ್’ ಎಂದು ಹೆಸರಿಟ್ಟರು. ಸ್ಪ್ಯಾನಿಷ್ ಭಾಷೆಯಲ್ಲಿ ಆ ಪದಕ್ಕೆ ‘ಕ್ರಿಯೆ’ ಎಂದರ್ಥ. ಅಮೆರಿಕದ ಅಧ್ಯಕ್ಷ ಕೆನಡಿಯವರು ‘ಪೀಸ್ ಕೋರ್’ ಎಂಬ ಸರ್ಕಾರಿ ಸೇವಾದಳವನ್ನು ಸ್ಥಾಪಿಸಿದ್ದೂ ಅದೇ ವರ್ಷ. 1960ರ ದಶಕದಲ್ಲಿ ಅಂದಿನ ಮೈಸೂರು ರಾಜ್ಯಕ್ಕೂ ಆ ದಳದ ತರುಣರು ಬಂದಿದ್ದರು. ಹಿರಿಯ ವಾಚಕರಲ್ಲಿ ಕೆಲವರಿಗೆ ಅವರ ನೆನಪಿರಬಹುದು. ಬ್ಲಾಚ್‌ಫರ್ಡ್ ಅವರೇ ಮುಂದೆ 1969ರಲ್ಲಿ ಆ ದಳದ ನಿರ್ದೇಶಕರಾದರು.

ಆಕ್ಸಿಯೋನ್ ಸ್ವಯಂಸೇವಕರು ಕೇರಿಯ ಜನರೊಡನೆ ಕೂಡಿ, ಅವರಿಗೆ ಮೊದಲು ಬೇಕಾದುದೇನೆಂದು ಕೇಳಿ ಕೆಲಸಕ್ಕಿಳಿದರು. ಶಾಲೆ ಕಟ್ಟಿದರು, ನೀರಿನ ಕೊಳವೆ ಹಾಕಿದರು, ಚರಂಡಿ ತೋಡಿದರು, ವಿದ್ಯುದ್ದೀಪ ತಂದರು, ಪೌಷ್ಟಿಕ ಆಹಾರದ ಕೇಂದ್ರಗಳನ್ನು ತೆರೆದರು. ಹತ್ತು ವರ್ಷಗಳಲ್ಲಿ ಈ ಕಾರ್ಯ ಬ್ರೆಜಿಲ್, ಪೆರು, ಕೊಲಂಬಿಯಾ ದೇಶಗಳಿಗೂ ಹಬ್ಬಿತು. ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ದುಡಿದರು. ಹೊರಗಿನಿಂದ ನೋಡುವವರಿಗೆ ಇದು ಸಂಪೂರ್ಣ ಯಶಸ್ಸು. ಆದರೆ ಒಳಗಿದ್ದವರ ಮನಸ್ಸಿನಲ್ಲಿ ಸಂದೇಹ ಹುಟ್ಟಿತ್ತು. ಶಾಲೆಯೇನೋ ಎದ್ದಿತು, ನೀರೂ ಬಂತು. ಆದರೆ ಆ ಮನೆಯ ಯಜಮಾನನ ದಿನದ ಗಳಿಕೆ ಹಾಗೆಯೇ ಉಳಿಯಿತು. ಕಟ್ಟಿದವರು ಹೊರಟುಹೋದ ಮೇಲೆ ಬದುಕು ಹಳೆಯ ಜಾಡಿಗೇ ಮರಳುತ್ತಿತ್ತು. ತಮ್ಮ ಸೇವೆಯ ಫಲವನ್ನು ಹೀಗೆ ತಾವೇ ಒರೆಗೆ ಹಚ್ಚಿ ನೋಡುವ ಧೈರ್ಯ ಎಲ್ಲ ಸೇವಾಸಂಸ್ಥೆಗಳಿಗೂ ಬರುವುದಿಲ್ಲ. ಈ ಸಂಸ್ಥೆಯ ಇತಿಹಾಸದಲ್ಲಿ ಅತ್ಯಂತ ಗೌರವಾರ್ಹವಾದ ಘಟ್ಟ ಇದೆಂದೇ ಹೇಳಬೇಕು.

ದಾರಿ ತೋರಿದ್ದು ಬ್ರೆಜಿಲ್ ದೇಶದ ಈಶಾನ್ಯ ಭಾಗದ ರೆಸಿಫೆ ನಗರ. ಅಲ್ಲಿಯ ಬಡವರು ಕೆಲಸವಿಲ್ಲದೆ ಕುಳಿತವರಾಗಿರಲಿಲ್ಲ. ಬುಟ್ಟಿ ಹೆಣೆಯುವವರು, ಚಪ್ಪಲಿ ಹೊಲಿಯುವವರು, ತಿಂಡಿ ಮಾರುವವರು, ಗುಜರಿ ಕೂಡಿಸುವವರು ಹೊತ್ತು ಮೂಡುವ ಮುನ್ನವೇ ದುಡಿಮೆಗೆ ತೊಡಗುತ್ತಿದ್ದರು. ಅವರಲ್ಲಿ ಕೌಶಲವೂ ಶ್ರಮವೂ ಇದ್ದವು, ಇಲ್ಲದಿದ್ದುದು ಬಂಡವಾಳ. ಅಡವಿಡಲು ಆಸ್ತಿಯಿಲ್ಲದ ಕಾರಣ ಬ್ಯಾಂಕು ಅವರನ್ನು ಒಳಗೆ ಬಿಡುತ್ತಿರಲಿಲ್ಲ. ದೊಡ್ಡ ಸಾಲಕ್ಕೂ ಚಿಕ್ಕ ಸಾಲಕ್ಕೂ ಬರೆಯುವ ಕಾಗದ, ವಿಚಾರಿಸುವ ಶ್ರಮ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಚಿಕ್ಕ ಸಾಲದಿಂದ ಬ್ಯಾಂಕಿಗೆ ನಷ್ಟವೇ. ಉಳಿದವನು ಲೇವಾದೇವಿಗಾರ. ಅವನ ಬಡ್ಡಿ ಕೆಲವೊಮ್ಮೆ ದಿನಕ್ಕೆ ನೂರಕ್ಕೆ 10ರಷ್ಟಿರುತ್ತಿತ್ತು. ದುಡಿದವನ ಲಾಭವೆಲ್ಲ ಅವನ ಚೀಲ ಸೇರುತ್ತಿತ್ತು.

1973ರಲ್ಲಿ ರೆಸಿಫೆಯಲ್ಲಿ ‘ಊನೊ’ ಎಂಬ ಸ್ಥಳೀಯ ಸಂಸ್ಥೆಯ ಮೂಲಕ ಇಂಥವರಿಗೆ ಸಣ್ಣ ಸಾಲ ಕೊಡುವ ಪ್ರಯೋಗ ಆರಂಭವಾಯಿತು. ಈ ಪುಟ್ಟ ಕಸುಬುಗಳಿಗೆ ‘ಸೂಕ್ಷ್ಮ ಉದ್ಯಮ’ ಎಂಬ ಹೆಸರನ್ನು ಆ ಕಾರ್ಯಕರ್ತರು ಬಳಕೆಗೆ ತಂದರು. ನಾಲ್ಕು ವರ್ಷಗಳಲ್ಲಿ 885 ಸಾಲಗಳನ್ನು ಕೊಟ್ಟು, 1,386 ಉದ್ಯೋಗಗಳನ್ನು ಸೃಷ್ಟಿಸಿದ ಅಥವಾ ಉಳಿಸಿದ ಲೆಕ್ಕವನ್ನು ಸಂಸ್ಥೆ ನೀಡಿದೆ. ಸಂಖ್ಯೆ ಚಿಕ್ಕದು, ಆದರೆ ಅದರ ಹಿಂದಿನ ಭಾವ ದೊಡ್ಡದು. ಬಡವನನ್ನು ಕೈಚಾಚುವ ಯಾಚಕನೆಂದು ಕಾಣದೆ, ಮಾತಿಗೆ ತಪ್ಪದ ವ್ಯವಹಾರಸ್ಥನೆಂದು ಇಲ್ಲಿ ಗಣಿಸಲಾಯಿತು.

ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯದಲ್ಲಿ ಈ ಭಾವ ಇನ್ನಷ್ಟು ಸ್ಪಷ್ಟವಾಯಿತು. ರಾಜಧಾನಿ ಸಾಂತೊ ಡೊಮಿಂಗೊ ನಗರದಲ್ಲಿ ಮೂರು ಗಾಲಿಯ ಗಾಡಿಯನ್ನು ತುಳಿಯುತ್ತ ತರಕಾರಿ, ಹಣ್ಣು, ಇದ್ದಿಲು ಮಾರುವ, ಹಳೆಯ ಸೀಸೆ ಕೊಳ್ಳುವ ಜನರಿದ್ದರು. ಹೆಚ್ಚಿನವರಿಗೆ ಸ್ವಂತ ಗಾಡಿಯಿರಲಿಲ್ಲ; ಪ್ರತಿನಿತ್ಯ ಬಾಡಿಗೆ ತೆರಬೇಕಿತ್ತು. ಕೊಂಡಿದ್ದರೆ ಎಂದೋ ತೀರಿಹೋಗುತ್ತಿದ್ದ ಬೆಲೆಯನ್ನು ಬಾಡಿಗೆಯ ರೂಪದಲ್ಲಿ ವರ್ಷವರ್ಷವೂ ಕೊಡುತ್ತಲೇ ಇದ್ದರು. 1980ರ ದಶಕದ ಆರಂಭದಲ್ಲಿ ಅಲ್ಲಿಯ ಒಂದು ಸಂಸ್ಥೆ ಆಕ್ಸಿಯೋನ್ ನೆರವಿನಿಂದ ಇವರನ್ನು ಚಿಕ್ಕ ಚಿಕ್ಕ ಗುಂಪುಗಳಾಗಿ ಕೂಡಿಸಿ, ಒಬ್ಬರಿಗೊಬ್ಬರು ಹೊಣೆಯಾಗುವಂತೆ ಮಾಡಿ ಸಾಲ ಕೊಟ್ಟಿತು. ಬಾಡಿಗೆಗೆ ಹೋಗುತ್ತಿದ್ದ ಹಣ ಕಂತಿಗೆ ಹೋಯಿತು. ಗಾಡಿ ತುಳಿಯುವವನೇ ಗಾಡಿಯ ಒಡೆಯನಾಗುವ ದಾರಿ ತೆರೆಯಿತು. ಅಡವಿನ ಸ್ಥಾನದಲ್ಲಿ ನೆರೆಯವನ ಮಾತು ನಿಂತಿತು.

ಇನ್ನೊಬ್ಬ ಸ್ವಯಂಸೇವಕರ ಕಥೆಯೂ ಇಲ್ಲಿ ಸ್ಮರಣೀಯ. ಜಾನ್ ಹ್ಯಾಚ್ ಎಂಬುವರು 1960ರ ದಶಕದ ಆದಿಯಲ್ಲಿ ಪೀಸ್ ಕೋರ್ ತರುಣರಾಗಿ ಕೊಲಂಬಿಯಾದಲ್ಲಿ ಸೇವೆ ಸಲ್ಲಿಸಿದ್ದರು. 1984ರಲ್ಲಿ ಬೊಲಿವಿಯಾದಲ್ಲಿ ಅವರು ‘ಗ್ರಾಮ ಬ್ಯಾಂಕು’ ಎಂಬ ಪದ್ಧತಿಯನ್ನು ರೂಪಿಸಿದರು. ‘ಫಿಂಕಾ’ ಎಂಬ ಸಂಸ್ಥೆ ಅದರಿಂದ ಬೆಳೆಯಿತು. ಮೂವತ್ತು, ನಲವತ್ತು ಮಂದಿ, ಬಹುತೇಕ ಹೆಂಗಸರು, ಒಂದು ಸಂಘವಾಗುವರು. ಮೊದಲ ಸಾಲ ತಲೆಗೆ 50 ಡಾಲರು. ನಾಲ್ಕು ತಿಂಗಳು ವಾರವಾರವೂ ಕಂತು. ಜೊತೆಗೆ ಕಡ್ಡಾಯ ಉಳಿತಾಯ. ತೀರಿಸಿದವರಿಗೆ ಮುಂದಿನ ಸಾಲ ಇನ್ನೂ ಹೆಚ್ಚು. ಅಧ್ಯಕ್ಷೆ, ಖಜಾಂಚಿ, ಲೆಕ್ಕ ಬರೆಯುವವರು ಎಲ್ಲರೂ ಅದೇ ಊರಿನವರು. ಹೊರಗಿನವನು ಹಣ ತಂದರೂ ಅಧಿಕಾರ ಊರಿನವರಲ್ಲೇ ಉಳಿಯಬೇಕೆಂಬುದು ಇದರ ಮರ್ಮ.

ಬೊಲಿವಿಯಾ ಆಗ ಘೋರ ಸಂಕಟದಲ್ಲಿತ್ತು. 1985ರಲ್ಲಿ ಬೆಲೆಯೇರಿಕೆಯ ವಾರ್ಷಿಕ ದರ ನೂರಕ್ಕೆ 8,000ವನ್ನೂ ದಾಟಿತು. ತವರದ ಬೆಲೆ ಕುಸಿದು ಸರ್ಕಾರಿ ಗಣಿಗಳಿಂದ 20,000ಕ್ಕೂ ಹೆಚ್ಚು ಕಾರ್ಮಿಕರು ಹೊರಬಿದ್ದರು. ನಗರಗಳ ಬೀದಿಬದಿಯ ವ್ಯಾಪಾರವೇ ಎಷ್ಟೋ ಸಂಸಾರಗಳಿಗೆ ಆಧಾರವಾಯಿತು. ಇಂಥವರಿಗಾಗಿ 1986ರಲ್ಲಿ ಬೊಲಿವಿಯಾದ ಉದ್ಯಮಿಗಳೂ ಆಕ್ಸಿಯೋನ್ ಸಂಸ್ಥೆಯೂ ಕೂಡಿ ‘ಪ್ರೊಡೆಮ್’ ಎಂಬ ಸೇವಾಸಂಸ್ಥೆಯನ್ನು ಕಟ್ಟಿದರು. 1992ರಲ್ಲಿ ಅದರಿಂದ ‘ಬಾಂಕೊಸೋಲ್’ ಎಂಬ ಪೂರ್ಣಪ್ರಮಾಣದ ಬ್ಯಾಂಕು ಹುಟ್ಟಿತು. ಸೂಕ್ಷ್ಮ ಉದ್ಯಮಿಗಳಿಗೆಂದೇ ಸ್ಥಾಪಿತವಾದ ವಾಣಿಜ್ಯ ಬ್ಯಾಂಕುಗಳಲ್ಲಿ ಇದೇ ಮೊದಲನೆಯದೆಂದು ಹೇಳಲಾಗುತ್ತದೆ. ಸಾಲ ಪಡೆದವರಲ್ಲಿ ಹೆಂಗಸರದೇ ಬಹುಸಂಖ್ಯೆ.

ಇಷ್ಟರಲ್ಲಿ ಪರದೇಶದ ಸ್ವಯಂಸೇವಕನ ಪಾತ್ರವೇ ಬದಲಾಗಿತ್ತು. ಇಂದು ಬಂದು ನಾಳೆ ಹೋಗುವವನು ಸಾಲ ಕೊಟ್ಟರೆ ವಸೂಲು ಮಾಡುವವರಾರು? ಯಾರು ಪ್ರಾಮಾಣಿಕರು, ಯಾರ ಮನೆಯಲ್ಲಿ ಕಾಯಿಲೆ, ಯಾವ ತಿಂಗಳಲ್ಲಿ ವ್ಯಾಪಾರ ಮಂದ ಎಂಬುದು ಕೇರಿಯಲ್ಲೇ ಬೆಳೆದವರಿಗೆ ಮಾತ್ರ ಗೊತ್ತು. ಆದ್ದರಿಂದ ಸಾಲದ ನಿರ್ಧಾರ ಸ್ಥಳೀಯ ಕಾರ್ಯಕರ್ತರ ಕೈಸೇರಿತು; ಲೆಕ್ಕಪತ್ರ, ತರಬೇತಿ, ವರದಿಗಳಂಥ ಕೆಲಸ ಹೊರಗಿನವರಿಗೆ ಉಳಿಯಿತು. 2005ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ‘ಕೀವಾ’ ಸಂಸ್ಥೆ ತನ್ನ ಸ್ವಯಂಸೇವಕರನ್ನು ಪರನಾಡುಗಳಿಗೆ ಕಳುಹಿಸಿದ್ದೂ ಇಂಥ ಕೆಲಸಗಳಿಗಾಗಿಯೇ: ಸಾಲಗಾರರನ್ನು ಕಂಡು ಮಾತನಾಡಿಸುವುದು, ಹಣ ತಲುಪಿತೇ ಎಂದು ಪರಿಶೀಲಿಸುವುದು, ಅಲ್ಲಿಯ ಸಂಸ್ಥೆಗಳಿಗೆ ನೆರವಾಗುವುದು. ಸೇವಕನು ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಸರಿದನು. ಇದು ಹಿನ್ನಡೆಯಲ್ಲ, ಪ್ರೌಢತೆ.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಸಾಲ ಮರಳಿ ಬರುತ್ತದೆಂದು ಗೊತ್ತಾದೊಡನೆ ಲಾಭಾಪೇಕ್ಷಿಗಳೂ ಬಂದರು. ಬೊಲಿವಿಯಾದಲ್ಲಿ 1990ರ ದಶಕದ ಕೊನೆಗೆ ಗ್ರಾಹಕ ಸಾಲದ ಕಂಪನಿಗಳು ಮುಗಿಬಿದ್ದವು. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡುವ ಸ್ಥಿತಿ ಬಂದಿತು. 2001ರಲ್ಲಿ ನೊಂದ ಸಾಲಗಾರರು ಲಾ ಪಾಸ್‌ನಲ್ಲಿ ಬ್ಯಾಂಕುಗಳ ಮೇಲ್ವಿಚಾರಣಾ ಕಚೇರಿಯನ್ನೇ ಆಕ್ರಮಿಸಿಕೊಂಡರು. ಮೆಕ್ಸಿಕೋದಲ್ಲಿ 1990ರಲ್ಲಿ ಸೇವಾಕಾರ್ಯವಾಗಿ ಆರಂಭವಾದ ಒಂದು ಸಂಸ್ಥೆಯ ಹೆಸರು ‘ಕಾಂಪಾರ್ತಾಮೋಸ್’, ಎಂದರೆ ‘ಹಂಚಿಕೊಳ್ಳೋಣ’. 2007ರಲ್ಲಿ ಅದರ ಷೇರುಗಳು ಮಾರುಕಟ್ಟೆಗೆ ಬಂದು, ಹಳೆಯ ಪಾಲುದಾರರಿಗೆ ಒಟ್ಟು 45 ಕೋಟಿ ಡಾಲರಿಗೂ ಮಿಕ್ಕಿ ದೊರೆಯಿತು. ಆ ಪಾಲುದಾರರಲ್ಲಿ ಆಕ್ಸಿಯೋನ್ ಸಂಸ್ಥೆಯೂ ಒಂದು. ಬಡ ಹೆಂಗಸರು ಅಲ್ಲಿ ತೆರುತ್ತಿದ್ದ ಬಡ್ಡಿ ವರ್ಷಕ್ಕೆ ನೂರಕ್ಕೆ 80ನ್ನೂ ಮೀರಿತ್ತು. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕಿನ ಸ್ಥಾಪಕರೂ 2006ರ ನೊಬೆಲ್ ಶಾಂತಿ ಪುರಸ್ಕೃತರೂ ಆದ ಮಹಮ್ಮದ್ ಯೂನುಸ್ ಇದನ್ನು ಬಹಿರಂಗವಾಗಿ ಖಂಡಿಸಿದರು. ಈ ಲಾಭದಿಂದಲೇ ಇನ್ನಷ್ಟು ಬಂಡವಾಳ ಬಂದು ಇನ್ನಷ್ಟು ಬಡವರಿಗೆ ಸಾಲ ಸಿಗುವುದೆಂದು ಸಂಸ್ಥೆಯವರು ವಾದಿಸಿದರು. ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಲೇವಾದೇವಿಗಾರನಿಂದ ಬಿಡಿಸಲು ಹೊರಟವರು ಎಷ್ಟು ಬಡ್ಡಿಯವರೆಗೆ ಸೇವಕರಾಗಿ ಉಳಿಯುತ್ತಾರೆ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

2015ರಲ್ಲಿ ಭಾರತ, ಮೆಕ್ಸಿಕೋ, ಮೊರಾಕ್ಕೊ, ಇಥಿಯೋಪಿಯಾ, ಮಂಗೋಲಿಯಾ, ಬೋಸ್ನಿಯಾಗಳಲ್ಲಿ ನಡೆದ ಆರು ಅಧ್ಯಯನಗಳು ಒಟ್ಟಿಗೆ ಪ್ರಕಟವಾದವು. ಸಣ್ಣ ಸಾಲದಿಂದ ಕಸುಬಿಗೆ ಅನುಕೂಲವಾಗುತ್ತದೆ, ಬದುಕಿನ ಆಯ್ಕೆಗಳು ಹಿಗ್ಗುತ್ತವೆ. ಆದರೆ ಸಾಮಾನ್ಯ ಕುಟುಂಬವನ್ನು ಅದು ಬಡತನದಿಂದ ಮೇಲೆತ್ತಿಬಿಡುವುದಿಲ್ಲ ಎಂಬುದು ಅವುಗಳ ಸಾರ. ಸಾಲವು ಊರುಗೋಲು, ಅದೇ ಕಾಲಾಗಲಾರದು.

ಹಾಗಾದರೆ ಆ ತರುಣರ ಶ್ರಮ ವ್ಯರ್ಥವಾಯಿತೆ? ಇಲ್ಲವೆಂದೇ ನಮ್ಮ ಅಭಿಪ್ರಾಯ. ಬಡವನು ನಂಬಿಕೆಗೆ ಅರ್ಹನೆಂಬ ಸತ್ಯವನ್ನು ಅವರು ಲೆಕ್ಕದ ಪುಸ್ತಕದಲ್ಲಿಯೇ ತೋರಿಸಿಕೊಟ್ಟರು. ಬ್ಯಾಂಕುಗಳ ಬಾಗಿಲು ಅಷ್ಟರಮಟ್ಟಿಗೆ ತೆರೆಯಿತು. ಅದರೊಡನೆ ನಮಗೊಂದು ಎಚ್ಚರವನ್ನೂ ಬಿಟ್ಟುಹೋದರು. ಕೊಡುವುದು ದಾನವೇ ಆಗಲಿ ಸಾಲವೇ ಆಗಲಿ, ಪಡೆದವನು ನಮ್ಮನ್ನು ಬಿಟ್ಟು ತಾನೇ ನಡೆಯುವಂತಾದರೆ ಮಾತ್ರ ಅದು ಸೇವೆ. ಅವನು ಎಂದೆಂದಿಗೂ ನಮ್ಮ ಬಾಗಿಲಲ್ಲೇ ನಿಲ್ಲಬೇಕಾದರೆ, ಕೊಟ್ಟ ಹಣಕ್ಕೆ ಯಾವ ಹೆಸರಿಟ್ಟರೂ ಅದು ಬಂಧನವೇ.